ತಮ್ಮನ ಮದುವೆಗೆಂದು ಆರಿಸಿದ ಕಪ್ಪು ಜಾಕೆಟ್

ಮಸ್ಕತ್ತಿನ ಹಮ್ರಿಯಾದ ಅಂಗಡಿಯಲ್ಲಿ ನಾನು ಕಪ್ಪು ಜಾಕೆಟ್ ಎತ್ತಿಕೊಂಡಾಗ ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಗಟ್ಟಿಯಾಗಿ ನನ್ನ ಕೈ ಹಿಡಿದರು.

ಅದು ಎಂಬತ್ತರ ದಶಕ. ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ ನಾನು ವಾದಿ ಅದಾಯ್‌ನ ವರ್ಕ್‌ಶಾಪಿಗೆ ಸೈಕಲ್ ತುಳಿಯಬೇಕಿತ್ತು. ಅಗ್ಗದ ಜಾಕೆಟ್‌ಗಳಲ್ಲಿ ಹಳದಿಯೂ ಇತ್ತು. ಆದರೆ ಈ ಚಳಿಗಾಲ ಸೈಕಲ್ ತುಳಿಯುವಾಗ ನಾನು ತೊಟ್ಟರೂ, ರಜೆಯಲ್ಲಿ ಊರಿಗೆ ಹೋದಾಗ ತಮ್ಮನಿಗೇ ಕೊಡುವುದಲ್ಲವೇ, ಅವನ ಮದುವೆಗೆ ಕಪ್ಪೇ ಚೆಂದ ಎಂದು ಜೊತೆಗಿದ್ದ ಗೆಳೆಯನಿಗೆ ಹೇಳುತ್ತಿದ್ದೆ.

“ಕಪ್ಪು ಬೇಡ ಮಾರಾಯ್ರೆ. ನನ್ನ ಅಣ್ಣನೂ ನನಗೆ ಕೊಡ್ಲಿಕ್ಕೆ ಅಂತ ಕಪ್ಪೇ ತೆಗೊಂಡಿದ್ದ. ಅದನ್ನೇ ಹಾಕ್ಕೊಂಡು ಸೈಕಲಲ್ಲಿ ಹೋಗ್ತಿದ್ದ, ಕತ್ತಲೆಯಲ್ಲಿ ಲಾರಿಯವನಿಗೆ ಅವನು ಕಾಣ್ಲೇ ಇಲ್ಲ” ಎಂದರು, ನಮ್ಮ ಕನ್ನಡ ಕೇಳಿಸಿಕೊಂಡಿದ್ದ ಆ ಅಪರಿಚಿತರು. ಹಳದಿ ಜಾಕೆಟನ್ನು ತಾವೇ ನನಗೆ ತೊಡಿಸಿ, ಕತ್ತಿನವರೆಗೆ ಜಿಪ್ ಎಳೆದು, ಹೆಸರೂ ಹೇಳದೆ ಹೊರಟುಹೋದರು.

ತಮ್ಮನ ಮದುವೆಯ ಫೋಟೋದಲ್ಲಿ ಅವನ ಮೈಮೇಲೆ ಫಾರಿನ್ ಜಾಕೆಟ್ ಇಲ್ಲ. ಪಕ್ಕದಲ್ಲಿ ನಾನಿದ್ದೇನೆ.