ಬದುವಿನ ಬನ್ನಿಗಿಡದ ಫೋಟೋ

ಅಣ್ಣಿಗೇರಿಯ ಕಾಳಿನ ವ್ಯಾಪಾರಿಯೊಬ್ಬರ ಖಾಲಿ ಗೋದಾಮಿಗೆ ಕಲೆ ಬಂದಿಳಿದದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಧಾರವಾಡದ ಫೋಟೋಗ್ರಾಫರರೊಬ್ಬರು ನಮ್ಮ ಸೀಮೆಯ ಹೊಲ, ಮನೆ, ಮುಖಗಳನ್ನೆಲ್ಲ ತೆಗೆದು, ಕಿಟಕಿಯಷ್ಟು ದೊಡ್ಡದು ಮಾಡಿಸಿ, ಗೋಡೆಗೆ ತೂಗುಹಾಕಿದ್ದರು. ಕೆಳಗೆ ‘ಶ್ರಮ’, ‘ನಿರೀಕ್ಷೆ’ ಎಂದು ಹೆಸರುಗಳು. ನಮ್ಮ ಮಂದಿ ಅವನ್ನು ಓದಲಿಲ್ಲ. ‘ನಿರೀಕ್ಷೆ’ಯ ಮುಂದೆ ನಿಂತು, ಇದು ಇಂಥವರ ಹಿತ್ತಲು, ಆ ಎಮ್ಮೆಯನ್ನು ಮಾರಿಬಿಟ್ಟರು ಎಂದು ತೀರ್ಪು ಕೊಟ್ಟು ಮುಂದೆ ಸರಿದರು. ಇಷ್ಟು ಖಚಿತವಾದ ಕಲಾವಿಮರ್ಶೆಯನ್ನು ನಾನು ಮುಂದೆ ಎಲ್ಲಿಯೂ ಕೇಳಲಿಲ್ಲ.

ನನ್ನನ್ನು ಕರೆದುಕೊಂಡು ಬಂದ ಅಪ್ಪನಿಗೂ ಕಲೆಯ ಹಂಬಲವೇನಿರಲಿಲ್ಲ. ಒಂದು ಫೋಟೋದಲ್ಲಿ ನಮ್ಮ ಬದು ಬಂದಿದೆಯೆಂದು ಯಾರೋ ಹೇಳಿದ್ದರು.

ನಮ್ಮ ಹೊಲಕ್ಕೂ ಅಪ್ಪನ ಚಿಗಪ್ಪನ ಮಗ, ಅಂದರೆ ನನ್ನ ಕಾಕಾನ ಹೊಲಕ್ಕೂ ನಡುವೆ ಇದ್ದ ಬದು ಹಿಂದಿನ ಮಳೆಗೆ ಕೊಚ್ಚಿಹೋಗಿತ್ತು. ಅದಕ್ಕೆ ಹತ್ತಿದಂತಿದ್ದ ಬನ್ನಿಗಿಡವೂ ಉರುಳಿ, ಬೊಡ್ಡೆ ಮಾತ್ರ ಉಳಿದಿತ್ತು. ಗಿಡ ಬದುವಿನ ಯಾವ ಕಡೆಗಿತ್ತೋ ಆ ಕಡೆಯವರಿಗೆ ಬೊಡ್ಡೆಯಿರುವ ಪಟ್ಟಿ ನೆಲ. ದಾರಿಯಲ್ಲಿ ನಿಂತು ನೋಡಿದರೆ ಬಲಕ್ಕೆ, ನಮ್ಮ ಕಡೆ ಎಂದು ಅಪ್ಪ. ಎಡಕ್ಕೆ, ತನ್ನ ಕಡೆ ಎಂದು ಕಾಕಾ. ಸೋಮವಾರ ಊರ ಹಿರಿಯರು ಬಂದು ಗಡಿಗಲ್ಲು ನೆಡುವವರಿದ್ದರು. ಅಲ್ಲಿಯವರೆಗೆ ಕಾಕಾ ಕೊಡಲಿ ಹೆಗಲಿಗಿಟ್ಟುಕೊಂಡೇ ಹೊಲಕ್ಕೆ ಬರುತ್ತಿದ್ದ. ಕಡಿಯುವ ಗಿಡ ಅಲ್ಲಿ ಒಂದೂ ಇರಲಿಲ್ಲ.

ನಾವು ಹೋಗುವಷ್ಟರಲ್ಲಿ ಅವನು ತನ್ನ ಕಡೆಯ ನಾಲ್ಕಾರು ಮಂದಿಯೊಂದಿಗೆ ಆ ಫೋಟೋದ ಮುಂದೆ ನಿಂತಿದ್ದ. ದಾರಿಯಲ್ಲಿ ಎದುರಿಗೆ ಬರುತ್ತಿರುವ ಅವನದೇ ಜೋಡೆತ್ತಿನ ಚಕ್ಕಡಿ, ಮೇಲೆ ಅವನೇ. ಹಿಂದೆ ಬರೀ ಕರಿನೆಲ, ನಡುವೆ ಬದು. ಬನ್ನಿಗಿಡ ಬದುವಿನ ಎಡಕ್ಕೆ.

“ಕಣ್ಣ ತುಂಬ ನೋಡ್ಕೊ ಅಣ್ಣಾ,” ಅಂದ ಕಾಕಾ.

ಅಪ್ಪ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದ. ತಿರುಗಿದಾಗ ಅವನ ಮುಖ ನೋಡಿ ನನಗೆ ಅಂಜಿಕೆಯಾಯಿತು. ತನ್ನ ಜೀವಮಾನದ ನೆನಪೇ ತಪ್ಪಿತೇ ಎಂದು ಅಳೆಯುತ್ತಿದ್ದಂತಿತ್ತು. ಕೈ ಮುಷ್ಟಿಯಾಗಿತ್ತು. ನಾನು ಅವನ ತೋಳು ಹಿಡಿದೆ, ಝಾಡಿಸಿದ. ಕಾಕಾನ ಮಂದಿ ಒಂದು ಹೆಜ್ಜೆ ಮುಂದೆ ಬಂದರು. ಫೋಟೋಗ್ರಾಫರರು, ಪಾಪ, ಇಬ್ಬರೂ ತಮ್ಮ ಕೃತಿಯಿಂದ ವಿಚಲಿತರಾಗಿದ್ದಾರೆಂದು ಸಂತೋಷದಿಂದ ಹತ್ತಿರ ಬಂದರು.

ಆಗ ಕಾಕಾನ ಕಡೆಯವನೇ ಒಬ್ಬ ನಕ್ಕ. “ಗಿಡ ಹಂಗಿರ್ಲಿ. ಬಿಳೇ ಎತ್ತನ್ನ ಯಾಕ ಆ ಕಡೆ ಹೂಡೀಯೋ ಮಾರಾಯಾ? ನಿದ್ದಿಗಣ್ಣಾಗ ಕಟ್ಟಿದ್ಯಾ?”

ನಮ್ಮಲ್ಲಿ ಎತ್ತನ್ನು ಚಿಕ್ಕಂದಿನಿಂದ ನೊಗದ ಒಂದೇ ಬದಿಗೆ ಪಳಗಿಸುತ್ತಾರೆ. ಸಾಯುವತನಕ ಅದಕ್ಕೆ ಅದೇ ಬದಿ. ಅದಲುಬದಲು ಹೂಡಿದವನಿಗೆ ಒಕ್ಕಲುತನ ಬರುವುದಿಲ್ಲವೆಂದೇ ಲೆಕ್ಕ. ಕಾಕಾನ ಕಿವಿ ಕೆಂಪಾದವು.

“ಯಾವನಲೇ ಅನ್ನಾವ? ಕರು ಇದ್ದಾಗಿಂದ ಬಿಳೇದು ಎಡಕ್ಕ. ಈ ಫೋಟೋನ ತಿರುವುಮುರುವು ಐತಿ,” ಎಂದು ಗೋದಾಮಿಗೆಲ್ಲ ಕೇಳುವಂತೆ ಅಂದ. ಫೋಟೋಗ್ರಾಫರರನ್ನು ರಟ್ಟೆ ಹಿಡಿದು ನಿಲ್ಲಿಸಿ ಕೇಳಿದ. ಅವರು ಬೆವರುತ್ತ ಚೀಲದಿಂದ ಫಿಲ್ಮು ತೆಗೆದು ಬೆಳಕಿಗೆ ಹಿಡಿದರು. ಹೌದು, ಅಚ್ಚು ಹಾಕುವಾಗ ಫಿಲ್ಮು ತಿರುಗಿ ಕೂತು ಎಡಬಲ ಅದಲುಬದಲಾಗಿತ್ತು.

ಕಾಕಾ ಗೆದ್ದವನಂತೆ ಸುತ್ತ ನೋಡಿದ. ಎತ್ತು ತಿರುಗಿದ್ದರೆ ಗಿಡವೂ ತಿರುಗಿರಬೇಕು ಎಂಬ ವಿಚಾರ ಒಂದೊಂದೇ ಮುಖವನ್ನು ಹೊಕ್ಕು, ಎಲ್ಲರಿಗಿಂತ ಕೊನೆಗೆ ಅವನನ್ನು ಮುಟ್ಟಿತು. ಫೋಟೋ ನೋಡಿದ, ಅಪ್ಪನನ್ನು ನೋಡಿದ. ಈಗ ಹೊಡೆದಾಟವೇ ಎಂದುಕೊಂಡೆ.

“ಗಿಡ ನಿನ್ನ ಕಡೀದ ಇರ್ಲಿ,” ಎಂದ ಕಡೆಗೆ. “ಆದ್ರ ನಾ ಎತ್ತು ತಪ್ಪಿಸಿ ಹೂಡೇನಂತ ಯಾರರೆ ಅಂದ್ರ, ಇಲ್ಲಂತ ನೀನ ಸಾಕ್ಷಿ ಹೇಳಬೇಕು.”

“ಹೇಳ್ತೀನಿ,” ಅಂದ ಅಪ್ಪ.

ಸಂಜೆ ಬಾಗಿಲು ಹಾಕುವತನಕ ಇಬ್ಬರೂ ಆ ಫೋಟೋದ ಆಚೆಗೊಬ್ಬ ಈಚೆಗೊಬ್ಬ ನಿಂತು, ಬಂದಬಂದವರಿಗೆಲ್ಲ ಅದು ತಿರುವುಮುರುವೆಂದು ತಿಳಿಸಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.