ಹಸಿ ನೊವೆಂ ಮತ್ತು ನನ್ನ ಗಂಡನ ರಕ್ತ

ಬಂಗುಡೆ ಕೊಯ್ಯುವಾಗ ನನ್ನ ಗಂಡ ವಿಕ್ಟರನ ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ಮಂಗಳೂರಿನಲ್ಲಿ ಮೀನಿನ ಮುಳ್ಳು ಚುಚ್ಚದ ಕೈ ಯಾವುದಿದೆ? ಅರಿಶಿನ ಹಚ್ಚಿದೆ. ಮೂರು ವಾರವಾದರೂ ಗಾಯ ಮಾಗಲಿಲ್ಲ. ಬಾಯಲ್ಲಿ ಹುಣ್ಣು. ಮೆಟ್ಟಿಲು ಹತ್ತಿದರೆ ಏದುಸಿರು. ಬ್ಲಡ್ ಟೆಸ್ಟ್ ಆಯಿತು. ಆಮೇಲೆ ಸೊಂಟದ ಮೂಳೆಗೆ ಸೂಜಿ ಇಳಿಸಿ ಬೋನ್ ಮ್ಯಾರೋ ಟೆಸ್ಟ್.

ಎಂಡಿಎಸ್, ಎಂದರು ಡಾಕ್ಟರ್.

ಮೂಳೆಯೊಳಗೆ ರಕ್ತ ತಯಾರಾಗುವ ಜಾಗವೇ ಕೆಟ್ಟಿದೆಯಂತೆ. ನಾನು ರಿಪೋರ್ಟಿನ ಮೇಲೆ ಬೆರಳಿಟ್ಟು ಕೇಳಿದೆ: "ಡಾಕ್ಟ್ರೇ, ಇಲ್ಲಿ ಡಬ್ಲ್ಯುಬಿಸಿ ಕೌಂಟ್ ನಾರ್ಮಲ್ ಅಂತ ಉಂಟಲ್ಲ?"

"ಸಂಖ್ಯೆ ಸರಿ ಉಂಟು ಅಮ್ಮ. ಆದರೆ ಆ ಬಿಳಿ ರಕ್ತಕಣಗಳಿಗೆ ಶಕ್ತಿ ಇಲ್ಲ. ಒಳಗೆ ಬಂದ ರೋಗಾಣುವನ್ನು ಹಿಡಿದು ಕೊಲ್ಲಲಿಕ್ಕೆ ಅವುಗಳಿಂದ ಆಗುವುದಿಲ್ಲ."

"ನನ್ನ ಕಡೆಯ ನೆಂಟರ ಹಾಗೆ," ಎಂದ ವಿಕ್ಟರ್. ಡಾಕ್ಟರ್ ನಕ್ಕರು. ನನಗೆ ನಗು ಬರಲಿಲ್ಲ.

ಹಸಿಯದ್ದು ಏನೂ ಕೊಡಬೇಡಿ, ಮನೆಗೆ ಜನ ಸೇರಿಸಬೇಡಿ, ಜ್ವರ ನೂರು ದಾಟಿದರೆ ಕಾಯಬೇಡಿ ಎಂದು ಹೇಳಿ ಕಳಿಸಿದರು. ಪಡೀಲ್‌ನ ನಮ್ಮ ಮನೆಯಲ್ಲಿ ನಾನು ಕೊತ್ತಂಬರಿ ಸೊಪ್ಪನ್ನೂ ಬೇಯಿಸಿದೆ. ಹೂದಾನಿಯ ನೀರೂ ಆಗದು ಎಂದಿದ್ದರಿಂದ ಮಾತೆ ಮರಿಯಳ ಮುಂದಿನ ಹೂವನ್ನು ಅವಳಲ್ಲಿ ಕ್ಷಮೆ ಕೇಳಿಯೇ ತೆಗೆದೆ.

ಆಗ ಮೊಂತಿ ಹಬ್ಬ ಬಂತು. ಮಾತೆಯ ಹುಟ್ಟುಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಸಿಯಾಗಿಯೇ ಅರೆದು, ತೆಂಗಿನ ಹಾಲಿಗೆ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕುಡಿಯುತ್ತೇವೆ. ಅದೇ ನೊವೆಂ. ವಿಕ್ಟರನ ಅಕ್ಕ ಹಿಲ್ಡಾ, ನಮ್ಮ ಕೊಂಕಣಿಯಲ್ಲಿ ಹಿಲ್ಡಾ ಬಾಯ್, ಮಣ್ಣಗುಡ್ಡದಿಂದ ಅದನ್ನು ತಯಾರು ಮಾಡಿಕೊಂಡೇ ಬಂದರು.

"ಬಾಯ್, ಸ್ವಲ್ಪ ಕುದಿಸಿ ಕೊಡ್ತೇನೆ," ಎಂದೆ.

"ಕುದಿಸಿದರೆ ಅದು ನೊವೆಂ ಎಂತ ಮಾರಾಯ್ತಿ? ಪಾಯಸ ಆಗ್ತದೆ. ಕೌಂಟ್ ನಾರ್ಮಲ್ ಅಂತ ನೀನೇ ವಾಟ್ಸ್ಯಾಪಿಗೆ ಹಾಕಿದ್ದಲ್ವಾ? ದೇವರ ಆಶೀರ್ವಾದದ ಮೇಲೆ ಸಂಶಯವಾ ನಿಂಗೆ?"

ಆ ಕೊನೆಯ ಮಾತು ನನ್ನ ಬಾಯಿ ಮುಚ್ಚಿಸಿತು. ದಿನಾ ಜಪಸರ ಹಿಡಿಯುವವಳಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. "ಒಂದು ಗುಟುಕು ಅಲ್ವಾ ಲೀನಾ," ಎಂದ ವಿಕ್ಟರ್, ಲೋಟ ಪೂರ್ತಿ ಕುಡಿದ.

ನಾನು ಅವನ ಕೈ ಹಿಡಿದು ತಡೆಯಲಿಲ್ಲ.

ಮೂರನೇ ದಿನ ಜ್ವರ ನೂರಮೂರು. ಹಲ್ಲು ಕಟಕಟ. ಪಂಪ್‌ವೆಲ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಆಂಬ್ಯುಲೆನ್ಸಿಗೂ ದಾರಿ ಇಲ್ಲ. ರಕ್ತದಲ್ಲಿ ಇನ್ಫೆಕ್ಷನ್ ಎಂದು ಐಸಿಯುಗೆ ಒಯ್ದರು. ಏನು ತಿಂದಿದ್ದರು ಎಂದು ಡಾಕ್ಟರ್ ಕೇಳಿದರು. ಹೇಳಿದೆ.

"ಅದರಿಂದಲೇ ಅಂತ ಹೇಳಲಿಕ್ಕಾಗುವುದಿಲ್ಲ. ಆದರೆ ಹಸಿಯದ್ದು ಬೇಡ ಅಂದಿದ್ದೆ."

ಅವರು ಬೈದಿದ್ದರೆ ಒಳ್ಳೆಯದಿತ್ತು.

ಐಸಿಯುವಿನ ಹೊರಗೆ ಹಿಲ್ಡಾ ಬಾಯ್ ಜಪಸರ ಹಿಡಿದು ಕುಳಿತಿದ್ದರು. "ದೇವರ ಪ್ರಸಾದದಿಂದ ಎಲ್ಲಿಯಾದರೂ ಜ್ವರ ಬರ್ತದಾ?" ಎಂದರು.

"ಬೇಯಿಸಬೇಡ ಅಂತ ಯಾವ ದೇವರು ಹೇಳಿದ್ದು ಬಾಯ್? ಹೇಳಿ!"

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಸಿಟ್ಟು ಅವರ ಮೇಲೆ ಅರ್ಧ ಮಾತ್ರ. ಉಳಿದರ್ಧ, ಎಲ್ಲ ಗೊತ್ತಿದ್ದೂ ಸುಮ್ಮನೆ ನಿಂತ ನನ್ನ ಮೇಲೆ.

ಮರುದಿನ ರೋಗಿಯ ಹಣೆಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಕೊಡಲು ಬಂದ ಫಾದರಿಗೆ ಎಲ್ಲ ಹೇಳಿದೆ. "ನನಗೊಂದು ಫೋನ್ ಮಾಡಿದ್ದರೆ ಕುದಿಸಿ ಕೊಡಿ ಅಂತ ನಾನೇ ಹೇಳ್ತಿದ್ದೆನಲ್ಲ," ಎಂದರು. ಸಮಾಧಾನಕ್ಕೆ ಹೇಳಿದ್ದು. ನನಗೆ ಉರಿಯಿತು. ಅಷ್ಟು ಸುಲಭವಿತ್ತು. ಒಂದು ಪಾತ್ರೆ, ಹತ್ತು ನಿಮಿಷ.

ದೇವರು ಕೊಟ್ಟದ್ದನ್ನೂ ಹೇಳಬೇಕು. ಐದನೇ ದಿನ ಜ್ವರ ಇಳಿಯಿತು. ಏಳನೇ ದಿನ ಅವನೇ ಗಂಜಿ ಕೇಳಿದ. ಅವನ ಬೆನ್ನು ಒರೆಸುವಾಗ ಸಿಸ್ಟರ್ ಒಬ್ಬಳು ನನ್ನ ಹೆಗಲನ್ನೂ ಮುಟ್ಟಿ, "ಆಂಟಿ, ನೀವು ಹೋಗಿ ಊಟ ಮಾಡಿ," ಎಂದಳು. ಎರಡು ವಾರಕ್ಕೆ ಮನೆಗೆ ಬಂದೆವು. ಕಾಯಿಲೆ ಹೋಗಿಲ್ಲ. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಬಗ್ಗೆ ಮಾತು ನಡೆದಿದೆ, ಹಿಲ್ಡಾ ಬಾಯ್ ಅವರ ರಕ್ತ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕಂತೆ. ಅವರು ಹೋಗಿ ರಕ್ತ ಕೊಟ್ಟು ಬಂದರು. ನಮ್ಮ ಮನೆ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, "ಕೊಟ್ಟೆ," ಎಂದರು. ಅಷ್ಟೇ. ಕ್ಷಮಿಸು ಎನ್ನಲಿಲ್ಲ. ನಾನೂ ಒಳಗೆ ಬನ್ನಿ ಎನ್ನಲಿಲ್ಲ. ಮೆಟ್ಟಿಲ ಬಳಿ ಒಂದು ಕುರ್ಚಿ ಹಾಕಿ ಚಹಾ ಕೊಟ್ಟೆ.

ನನ್ನ ಸಿಟ್ಟು ಇಳಿದಿಲ್ಲ. ಅದನ್ನು ದೇವರಿಗೂ ಹೇಳಿದ್ದೇನೆ. ಇವತ್ತು ಬೆಳಿಗ್ಗೆ ಥರ್ಮಾಮೀಟರ್ ತೊಂಬತ್ತೆಂಟು ತೋರಿಸಿತು. ಥ್ಯಾಂಕ್ಸ್ ಎಂದೆ ದೇವರಿಗೆ. ಸಿಟ್ಟಿನಲ್ಲೇ ಎಂದೆ. ಅವನು ಕೇಳಿಸಿಕೊಂಡಿರಬೇಕು.