ಬೆನ್ನು ತಿರುಗಿಸಿದ ಸೈನಿಕನ ದನಿ

ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ಇವತ್ತು ಬರುವುದೇ ಇಲ್ಲ ಎಂಬುದನ್ನು ಬಸ್ ನಿಲ್ದಾಣದ ಮೈಕಿನಲ್ಲಿ ಹೇಳುವುದು ಅವನ ಉದ್ಯೋಗ. ಚಾಲಕರೂ ಕಂಡಕ್ಟರುಗಳೂ ಅವನನ್ನು ಗಂಟಲಣ್ಣ ಎಂದು ಕರೆಯುತ್ತಿದ್ದರು. ಅದು ಗೇಲಿಯ ಹೆಸರೆಂದು ಇಡೀ ನಿಲ್ದಾಣಕ್ಕೆ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಅವನು ಅದನ್ನು ಸರ್ಕಾರ ಕರೆದು ಕೊಟ್ಟ ಬಿರುದಿನಂತೆ ಹೊತ್ತುಕೊಂಡು ಓಡಾಡುತ್ತಿದ್ದ. ಗಂಟಲಿನ ರಕ್ಷಣೆಗೆಂದು ಸುಡುಬಿಸಿಲಿನಲ್ಲೂ ಮಫ್ಲರ್ ಸುತ್ತುತ್ತಿದ್ದ. ತಣ್ಣೀರು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಅವನು ಉಪ್ಪುನೀರು ಮುಕ್ಕಳಿಸುವ ಸದ್ದನ್ನು ನಂಬಿ ಪಕ್ಕದ ಮನೆಯವರು ಅಲಾರಂ ಇಡುವುದನ್ನೇ ಬಿಟ್ಟಿದ್ದರು.

ಮನೆಯಲ್ಲಿ ಅವನು ಯಾವತ್ತೂ ದನಿ ಏರಿಸಿದವನಲ್ಲ. ಮೈಕಿಗೆ ಮೀಸಲಾದ ದನಿಯನ್ನು ಮನೆಯವರ ಮೇಲೆ ಖರ್ಚು ಮಾಡುವುದು ದುಂದುಗಾರಿಕೆ ಎಂಬುದು ಅವನ ಲೆಕ್ಕ. ನಮ್ಮ ಮನೆಯಲ್ಲಿ ಗಲಾಟೆ ಅನ್ನುವ ಮಾತೇ ಇಲ್ಲ ಎಂದು ಟೀ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಮಾತು ನಿಜವೇ. ಅವನು ಮೆಲುದನಿಯಲ್ಲಿ ಹೇಳುತ್ತಿದ್ದ, ಉಳಿದವರು ಸುಮ್ಮನೆ ಮಾಡುತ್ತಿದ್ದರು.

ಇಷ್ಟು ಸುಖದ ನಡುವೆ ಅವನಿಗೊಂದು ಹಳೆಯ ನೋವಿತ್ತು. ಅದು ಹೆಂಡತಿಯ ಅಪ್ಪ. ಗಡಿಯಾರ ರಿಪೇರಿ ಮಾಡುತ್ತಿದ್ದ ಮನುಷ್ಯ; ಮಾತು ಕಡಿಮೆ, ಆಡಿದರೆ ಚಿಮ್ಮಟದಲ್ಲಿ ಹಿಡಿದು ಇಟ್ಟಂತೆ. ಮದುವೆಗೆ ಮುಂಚೆ ಹುಡುಗನನ್ನು ನೋಡಲು ಬಂದಾಗ ಅವರು ಕೆಲಸದ ಬಗ್ಗೆ ಕೇಳಿದ್ದರು.

“ಬಸ್ಸು ಓಡಿಸ್ತೀರಾ?”

“ಇಲ್ಲ.”

“ರಿಪೇರಿ ಮಾಡ್ತೀರಾ?”

“ಇಲ್ಲ. ಬಸ್ಸು ಬಂತು ಅಂತ ಹೇಳ್ತೀನಿ.”

ಮಾವ ಸ್ವಲ್ಪ ಯೋಚಿಸಿ, “ಬಂದಿದ್ದು ಜನಕ್ಕೆ ಕಾಣ್ಸಲ್ವಾ?” ಎಂದಿದ್ದರು.

ಕುಹಕವೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಅದಕ್ಕೇ ಅದು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತು. ಮದುವೆಯಾಯಿತು, ತಲೆಗೂದಲು ನೆರೆಯಿತು, ಅತ್ತೆ ತೀರಿಕೊಂಡರು, ಮಾವನ ಬೆರಳು ನಡುಗಲು ಶುರುವಾಗಿ ಅಂಗಡಿಗೆ ಬೀಗ ಬಿತ್ತು, ಅವರು ಮಗಳ ಮನೆಗೇ ಬಂದು ಸೇರಿದರು. ಆದರೂ ಗಂಟಲಣ್ಣನ ಮನಸ್ಸಿನಲ್ಲಿ ಆ ಪ್ರಶ್ನೆಗೆ ಮಾತ್ರ ಬೀಗ ಬಿದ್ದಿರಲಿಲ್ಲ. ಈ ಮುದುಕರ ಬಾಯಿಂದ ಒಂದೇ ಒಂದು ಸಲ ‘ಚೆನ್ನಾಗಿದೆ’ ಅನ್ನಿಸಬೇಕು. ಅಷ್ಟಾದರೆ ಜನ್ಮ ಸಾರ್ಥಕ.

ಮಾವನಿಗೆ ಕೊಟ್ಟದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಕೋಣೆ. ಕೋಣೆ ಅನ್ನುವುದಕ್ಕಿಂತ ಒಂದು ಮಂಚ ಹಿಡಿಯುವ ಹಾದಿ. ಬೆಳಿಗ್ಗೆ ಬಚ್ಚಲಿಗೆ ಹೋಗುವವರೆಲ್ಲ ಅವರನ್ನು ದಾಟಿಯೇ ಹೋಗಬೇಕು. ಅವರು ಮಂಚದಿಂದ ಕಾಲು ಕೆಳಗಿಟ್ಟು ಅಂಗಿ ಹಾಕಿಕೊಳ್ಳುತ್ತಿದ್ದರೆ ಯಾರೂ ದಾಟುವಂತಿಲ್ಲ. ಗಡಿಯಾರದೊಳಗೆ ಕೂದಲೆಳೆಯಂಥ ತಂತಿಗಳನ್ನು ಕೂರಿಸಿದ ಬೆರಳುಗಳಿಗೆ ಈಗ ಅಂಗಿಯ ಗುಂಡಿ ಸಿಗುತ್ತಿರಲಿಲ್ಲ. ಮಗಳು ಹಾಕಲು ಬಂದರೆ ಬೇಡ ಅನ್ನುತ್ತಿದ್ದರು. ಅಷ್ಟರಲ್ಲಿ ಗಂಟಲಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ಬೈಯುತ್ತಿರಲಿಲ್ಲ. ‘ನೀವು’ ಎಂದೇ ಮಾತಾಡಿಸುತ್ತಿದ್ದ. ಏಳಿ, ಏಳಿ, ಬೇರೆಯವರಿಗೂ ಕೆಲಸ ಇರುತ್ತೆ ಎಂದು ಒಂದೇ ಸಮನೆ, ಮೆಲ್ಲಗೆ, ಮುದುಕರು ಏಳುವವರೆಗೂ ಹೇಳುತ್ತಿದ್ದ. ಇದನ್ನು ಅವನು ತಾಳ್ಮೆ ಎಂದು ತಿಳಿದಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅವನ ಮೈಕಿನ ಕೋಣೆಯ ಕಿಟಕಿಗೆ ಹೆಂಗಸೊಬ್ಬಳು ಬಂದು ಬಗ್ಗಿದಳು. ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡವಳು, ಕೊರಳಲ್ಲಿ ಕನ್ನಡಕ ತೂಗುತ್ತಿತ್ತು. ಅವಳು ಹೋಗಬೇಕಿದ್ದ ಬಸ್ಸು ರದ್ದಾಗಿದೆ ಎಂದು ಅವನು ಆಗತಾನೇ ಘೋಷಿಸಿದ್ದ. ಜಗಳಕ್ಕೆ ಬಂದಿದ್ದಾಳೆಂದು ಅವನು ಮಫ್ಲರ್ ಬಿಗಿ ಮಾಡಿಕೊಂಡ.

“ರದ್ದಾಯ್ತು ಅಂದ್ರಲ್ಲ, ಆ ದನಿ ಕೇಳಿ ನನಗೆ ಜಗಳ ಆಡೋಕೂ ಮನಸ್ಸು ಬರಲಿಲ್ಲ. ನಂಗೆ ಆ ದನಿ ಬೇಕು,” ಎಂದಳು.

ಪರದೇಶದ ಚಿತ್ರಗಳಿಗೆ ನಮ್ಮ ಭಾಷೆಯ ಮಾತು ಕೂರಿಸುವ ಕೆಲಸ ಅವಳದು. ಹಾಸಿಗೆ ಅಂಗಡಿಯ ಮಹಡಿಯ ಮೇಲೆ ಸ್ಟುಡಿಯೋ. ಆಗ ಕೈಗೆತ್ತಿಕೊಂಡಿದ್ದು ಒಂದು ಯುದ್ಧದ ಚಿತ್ರ. ಗಂಟಲಣ್ಣ ತನ್ನದು ಸೇನಾಧಿಪತಿಯ ಪಾತ್ರವೇ ಇರಬೇಕೆಂದು ಎದೆ ಮುಂದೆ ಮಾಡಿಕೊಂಡು ಹೋದ. ಸಿಕ್ಕಿದ್ದು ಹೆಸರಿಲ್ಲದ ಒಬ್ಬ ಸಾದಾ ಸೈನಿಕ.

ಚಿತ್ರವಿಡೀ ಇದ್ದದ್ದು ಎರಡನೇ ಮಹಾಯುದ್ಧದ ಒಂದು ಜರ್ಮನ್ ತುಕಡಿಯ ಕಣ್ಣಲ್ಲಿ. ಅದರಲ್ಲಿ ದೊಡ್ಡ ಮೀಸೆಯ ಖಳರಿರಲಿಲ್ಲ. ಒಬ್ಬ ಊರಲ್ಲಿ ಅಂಚೆ ಹಂಚುತ್ತಿದ್ದವನು, ಒಬ್ಬ ಹೊಸದಾಗಿ ಮದುವೆಯಾದವನು. ಗಂಟಲಣ್ಣನ ಪಾಲಿನವನು ಬ್ರೆಡ್ ಸುಡುತ್ತಿದ್ದವನು. ಎಲ್ಲರಿಗೂ ಕಾಲಲ್ಲಿ ಬೊಬ್ಬೆ, ತಲೆಯಲ್ಲಿ ಹೇನು. ಚಳಿಗೆ ಒಬ್ಬರ ಬೆನ್ನಿಗೊಬ್ಬರು ಬೆನ್ನು ಕೊಟ್ಟು ಮಲಗುತ್ತಿದ್ದರು. ಬ್ರೆಡ್ಡಿನವನು ತನ್ನ ಪಾಲಿನ ತುಂಡನ್ನು ಒಂದು ನಾಯಿಗೆ ಹಾಕುವ ದೃಶ್ಯವೂ ಇತ್ತು. ಅದಕ್ಕೆ ದನಿ ಕೊಡುವಾಗ ಗಂಟಲಣ್ಣನ ಕಣ್ಣೇ ಒದ್ದೆಯಾಯಿತು. ಆಮೇಲೆ ಬಂತು ಒಂದು ಮನೆಯ ದೃಶ್ಯ. ತಾವು ವಶಪಡಿಸಿಕೊಂಡ ಊರಿನವರನ್ನೆಲ್ಲ ಹೊರಡಿಸಿ ಲಾರಿಗೆ ತುಂಬಬೇಕೆಂದು ತುಕಡಿಗೆ ಆಜ್ಞೆಯಾಗಿದೆ. ಲಾರಿ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳುವುದಿಲ್ಲ, ಹೋದವರು ತಿರುಗಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಬ್ರೆಡ್ಡಿನವನು ಒಂದು ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗೆ ಮುದುಕನೊಬ್ಬ ಹಾಸಿಗೆಯ ಅಂಚಿನಲ್ಲಿ ಕೂತು ಕೋಟಿನ ಗುಂಡಿಗಾಗಿ ತಡಕಾಡುತ್ತಿದ್ದಾನೆ.

ಗಂಟಲಣ್ಣ ಹಲ್ಲು ಕಡಿದು ಅಬ್ಬರಿಸಿದ. ಸ್ಟುಡಿಯೋದ ಮೇಡಂ ನಿಲ್ಲಿಸಿದಳು.

“ಇವನು ರಾಕ್ಷಸ ಅಲ್ಲ ಸಾರ್. ಬೆಳಿಗ್ಗೆಯಿಂದ ಇದೇ ಕೆಲಸ, ಕಾಲು ನೋಯ್ತಿದೆ, ಹೊರಗೆ ಲಾರಿ ಕಾಯ್ತಿದೆ. ಇವನಿಗೆ ಆ ಮುದುಕನ ಮೇಲೆ ದ್ವೇಷ ಏನೂ ಇಲ್ಲ, ತಡ ಆಗ್ತಿದೆ ಅಷ್ಟೇ. ಬೆನ್ನು ಈ ಕಡೆಗಿದೆ, ತುಟಿ ಕಾಣಲ್ಲ. ಬರೆದಿರೋದನ್ನ ಬಿಟ್ಹಾಕಿ. ನಿಮ್ಮನೇಲಿ ಹೇಗೆ ಮಾತಾಡ್ತೀರೋ ಹಾಗೆ, ಮುದುಕ ಏಳೋವರೆಗೂ ಏನಾದ್ರೂ ಹೇಳ್ತಾ ಇರಿ.”

ಮಾತು ಕೂರಿಸುವವರಲ್ಲಿ ಇದೊಂದು ರೂಢಿ. ಮುಖ ಕಾಣುವಾಗ ತುಟಿಗೆ ತಕ್ಕ ಮಾತೇ ಬೇಕು. ಬೆನ್ನು ಕಾಣುವಾಗ ಏನನ್ನಾದರೂ ತುಂಬಬಹುದು. ಗಂಟಲಣ್ಣ ಯೋಚಿಸಲಿಲ್ಲ. ಮಾತು ತಾನಾಗಿ ಬಂತು, ಮೆಲ್ಲಗೆ, ಒಂದೇ ಸಮನೆ. ಮುಗಿದಾಗ ಧ್ವನಿಮುದ್ರಣದವನು ಕಿವಿಯ ಹೆಡ್‌ಫೋನ್ ತೆಗೆದು ಗಾಜಿನಾಚೆಯಿಂದ ಅವನನ್ನೇ ನೋಡಿದ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಮೇಡಂ ಕೇಳಿದಳು. ಹುಟ್ಟಿನಿಂದ ಬಂದದ್ದು ಎಂದು ಅವನು ವಿನಯದಿಂದ ತಲೆ ತಗ್ಗಿಸಿದ.

ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ನಿಲ್ದಾಣದ ಕಸ ಗುಡಿಸುವವಳಿಗೂ ವಿಷಯ ಗೊತ್ತಿತ್ತು. ಎರಡು ಬಸ್ಸುಗಳ ನಡುವೆ ಅವನು ಮೈಕಿನಲ್ಲೇ ಚಿತ್ರಮಂದಿರದ ಹೆಸರು ಹೇಳಿಬಿಟ್ಟ. ಅದೂ ಒಂದು ಬಸ್ಸೇ ಎಂದುಕೊಂಡು ಇಬ್ಬರು ಪ್ರಯಾಣಿಕರು ಗಂಟು ಎತ್ತಿಕೊಂಡು ಎದ್ದು ನಿಂತರು. ಮೇಲಧಿಕಾರಿ ಕರೆದು ಉಗಿದರು. ಅವನಿಗೆ ಅದೇನೂ ತಟ್ಟಲಿಲ್ಲ. ಅವನ ಕಣ್ಣಿದ್ದದ್ದು ಒಂದೇ ಕಡೆ, ಮಾವನನ್ನು ಕರೆದೊಯ್ದು ಪಕ್ಕದಲ್ಲಿ ಕೂರಿಸಬೇಕು.

ನಮಗ್ಯಾಕಪ್ಪ ಯುದ್ಧ, ಅಷ್ಟು ಹೊತ್ತು ಕೂರೋಕಾಗಲ್ಲ ಎಂದು ಮಾವ ಜಾರಿಕೊಳ್ಳಲು ನೋಡಿದರು. ಅವನು ಬಿಡಲಿಲ್ಲ. ಮೊದಲ ಪ್ರದರ್ಶನ ತಪ್ಪಿಹೋಗುತ್ತದೆಂದು ಬಾಗಿಲಲ್ಲಿ ನಿಂತು ಹೊರಡಿಸಿದ.

ಹಿಂದಿನ ಸಾಲಿನಲ್ಲಿ ಚಾಲಕರು ಕೂತಿದ್ದರು. ಗಂಟಲಣ್ಣನ ದನಿ ಮೊದಲ ಸಲ ಬಂದಾಗ ಸಿಳ್ಳೆ ಹಾಕಿದರು. ಸೈನಿಕ ಬೂಟಿನ ಬಗ್ಗೆ ಜೋಕು ಮಾಡಿದಾಗ ಇಡೀ ಮಂದಿರ ನಕ್ಕಿತು. ಹೆಂಡತಿ ಮೊಣಕೈಯಲ್ಲಿ ತಿವಿದಳು. ನಾಯಿಯ ದೃಶ್ಯದಲ್ಲಿ ಯಾರೋ ಮೂಗು ಒರೆಸಿಕೊಂಡರು. ಗಂಟಲಣ್ಣ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಪಕ್ಕದಲ್ಲಿ ಮಾವ ಮುಂದಕ್ಕೆ ಬಾಗಿ, ಹಳೆಯ ಗಡಿಯಾರದ ಸದ್ದು ಕೇಳುವವರಂತೆ ಒಂದು ಕಿವಿ ಓರೆ ಮಾಡಿ ಕೂತಿದ್ದರು. ಆ ಮುಖದಲ್ಲಿ ಮೆಚ್ಚುಗೆಯ ಒಂದು ಗೆರೆ ಮೂಡಿದರೆ ತಪ್ಪಿಹೋಗಬಾರದೆಂದು ಇವನು ಕಣ್ಣು ಮಿಟುಕಿಸದೆ ಕಾಯುತ್ತಿದ್ದ.

ಆ ಮನೆಯ ದೃಶ್ಯ ಬಂತು. ನಾಲ್ಕೂ ಗೋಡೆಗಳಿಂದ ಅವನದೇ ದನಿ.

“ಏಳಿ, ಏಳಿ. ಎಷ್ಟು ಹೊತ್ತು? ಬೇರೆಯವರಿಗೂ ಕೆಲಸ ಇರುತ್ತೆ. ನಿಮ್ಮೊಬ್ಬರಿಗೋಸ್ಕರ ಎಲ್ಲರೂ ನಿಂತಿರೋಕಾಗುತ್ತಾ? ಏಳಿ.”

ಮಾವ ಕುರ್ಚಿಯ ಕೈಯನ್ನು ಹಿಡಿದು ಎದ್ದರು.

ಒಂದು ಕೈ ಕುರ್ಚಿಯ ಮೇಲಿತ್ತು, ಇನ್ನೊಂದು ಕೈ ಕತ್ತಿನ ಬಳಿ ಅಂಗಿಯಲ್ಲಿ ಏನನ್ನೋ ಹುಡುಕುತ್ತಿತ್ತು. “ಅಜ್ಜ, ಕೂತ್ಕೊಳ್ಳಿ, ಕಾಣಲ್ಲ,” ಎಂದ ಹಿಂದಿನವನೊಬ್ಬ. ಮಗಳು ತೋಳು ಹಿಡಿದೆಳೆದು, ಅಪ್ಪ, ಅದು ಸಿನಿಮಾ ಎಂದಳು. “ಗೊತ್ತಮ್ಮ, ಗೊತ್ತು,” ಎಂದರು ಮಾವ. ಗೊತ್ತಿದ್ದೂ ಕೂರಲಿಲ್ಲ. ಮೈಗೆ ಗೊತ್ತಾಗಬೇಕಲ್ಲ. ಪರದೆಯ ಮೇಲಿನ ಮುದುಕ ತೆರೆದ ಕೋಟಿನಲ್ಲೇ ಎದ್ದು ಬಾಗಿಲು ದಾಟಿ ಹೋದ. ಆಗ ಬಂತು, ಗಂಟಲಣ್ಣ ತಾನೇ ತುಂಬಿದ, ಅವತ್ತು ಬಲು ಚುರುಕಾಗಿದೆ ಅನ್ನಿಸಿದ್ದ ಕೊನೆಯ ಮಾತು: “ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ.”

ಎಲ್ಲೋ ಒಬ್ಬ ನಗಲು ಶುರುಮಾಡಿ ನಿಲ್ಲಿಸಿದ. ಮಾವ ಕೂತರು.

ಗಂಟಲಣ್ಣ ಹೆಂಡತಿಯ ಕಡೆ ನೋಡಿದ. ಅವಳು ಇವನನ್ನು ನೋಡಲಿಲ್ಲ. ಅಪ್ಪನ ಮೊಣಕೈ ಹಿಡಿದಿದ್ದವಳು ಹಿಡಿದೇ ಕೂತಿದ್ದಳು. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ. ಇವನ ಮುಖಕ್ಕೆ ಹೊಡೆದದ್ದು ಅದು.

ಕತ್ತಲೆಯಲ್ಲಿ ಅವನು ತನ್ನ ಪರವಾಗಿ ವಕಾಲತ್ತು ಶುರುಮಾಡಿದ. ನಾನು ಯಾವತ್ತು ಕೈ ಎತ್ತಿದ್ದೇನೆ? ಪರದೆಯ ಸೈನಿಕನೂ ಎತ್ತಿರಲಿಲ್ಲ. ನಾನು ಯಾವತ್ತು ಕಿರುಚಿದ್ದೇನೆ? ಅವನೂ ಕಿರುಚಿರಲಿಲ್ಲ. ನಾನು ‘ನೀವು’ ಬಿಟ್ಟು ಮಾತಾಡಿದವನಲ್ಲ. ಆ ಸೈನಿಕನ ಬಾಯಿಗೆ ‘ನೀವು’ ಹಾಕಿದವನೂ ತಾನೇ. ನನಗೆ ಲಾರಿ ಇಲ್ಲವಲ್ಲ, ನನ್ನದು ಬರೀ ಬಚ್ಚಲು! ಈ ವಾದ ಒಂದು ಕ್ಷಣ ಗಟ್ಟಿಯಾಗಿ ನಿಂತಿತು. ಆಮೇಲೆ ಅದನ್ನು ಹಿಡಿದುಕೊಂಡು ನಿಲ್ಲುವುದಕ್ಕೇ ಅವನಿಗೆ ನಾಚಿಕೆಯಾಯಿತು. ಚಿತ್ರದ ಕೊನೆಗೆ ಬ್ರೆಡ್ಡಿನವನು ಹಿಮದಲ್ಲಿ ಬಿದ್ದು, ತಾಯಿಯನ್ನು ಕರೆದು ಸತ್ತ. ಮಂದಿರವೆಲ್ಲ ಕಣ್ಣೊರೆಸಿಕೊಂಡಿತು. ಅವರನ್ನೆಲ್ಲ ಅಳುವಂತೆ ಮಾಡಿದ ದನಿಯ ಒಡೆಯ ಮಾತ್ರ ಮಫ್ಲರಿನೊಳಗೆ ಆಮೆಯಂತೆ ಕತ್ತು ಎಳೆದುಕೊಂಡು ಕೂತಿದ್ದ.

ಹೊರಗೆ ಬಿಸಿಲಿಗೆ ಬಂದದ್ದೇ ಚಾಲಕರು ಮುತ್ತಿಕೊಂಡರು. ಇಷ್ಟು ದಿನ ಗೇಲಿ ಮಾಡಿದವರು ಮೊದಲ ಸಲ ನಿಜವಾಗಿ ಬೆರಗಾಗಿದ್ದರು. ಆ ಮನೆ ಸೀನಿಗೆ ಮೈ ಜುಂ ಅಂತು, ಗಂಟಲಣ್ಣ, ಅದನ್ನ ಇನ್ನೊಂದ್ಸಲ ಹೇಳು ಎಂದು ಒಬ್ಬ ಗಂಟುಬಿದ್ದ. ಕೇಳದಿದ್ದರೂ ಹೇಳುತ್ತಿದ್ದ ಮನುಷ್ಯ, ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿದ.

ಆಗ ಮಾವ ಮಗಳ ತೋಳು ಬಿಟ್ಟು ಅವನ ಹತ್ತಿರ ಬಂದರು. ನಡುಗುವ ಕೈಯಲ್ಲಿ ಅವನ ಕೈ ಹಿಡಿದರು.

“ಚೆನ್ನಾಗಿ ಮಾಡಿದೀರಿ, ಅಳಿಯಂದ್ರೇ,” ಎಂದರು. “ಯಾರೂ ಹೇಳದೇನೇ ನೀವು ಅಂತ ಗೊತ್ತಾಗ್ಹೋಯ್ತು.”

ಇಷ್ಟು ವರ್ಷ ಕಾದಿದ್ದ ಮಾತು. ಕೊಂಕಿಲ್ಲ, ಕುಹಕವಿಲ್ಲ, ಚಿಮ್ಮಟದಲ್ಲಿ ಹಿಡಿದು ಇಟ್ಟಂತೆ ಶುದ್ಧವಾಗಿ ಬಂತು. ಗಂಟಲಣ್ಣನಿಗೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕೈ ಬಿಡಿಸಿಕೊಳ್ಳುವ ಹಾಗೂ ಇಲ್ಲ, ಹಿಡಿದುಕೊಳ್ಳುವ ಹಾಗೂ ಇಲ್ಲ.

ಮನೆಯ ಕಡೆ ನಡೆಯುತ್ತ ಮಾವ ಬೀದಿಯ ತುದಿಯಲ್ಲಿ ಸುಧಾರಿಸಿಕೊಳ್ಳಲು ನಿಂತರು. ಅವನೂ ನಿಂತ. ಏನಾದರೂ ಹೇಳಲೇಬೇಕಿತ್ತು. ಆದರೆ ಅವನ ಗಂಟಲಿಗೆ ಗೊತ್ತಿದ್ದ ಕ್ಷಮೆ ಒಂದೇ, ವಿಳಂಬಕ್ಕಾಗಿ ವಿಷಾದಿಸುತ್ತೇವೆ ಎಂಬುದು. ಬಾಯಿ ತೆರೆದರೆ ಅದೇ ರಾಗ ಬರುತ್ತದೆಂದು ಹೆದರಿ ಬಾಯಿ ಮುಚ್ಚಿದ. ಇವನ ಒದ್ದಾಟವನ್ನು ಮಾವ ಬೇರೇನೋ ಎಂದುಕೊಂಡಿರಬೇಕು, ಸಮಾಧಾನ ಮಾಡಲು ಹೊರಟರು.

“ಆ ಸಿಪಾಯಿ ಹುಡುಗ ಕೆಟ್ಟವನಲ್ಲ ಬಿಡಿ,” ಎಂದರು. “ಅವಸರದಲ್ಲಿದ್ದ. ನೀವು ಮುಂದೆ ನಡೀರಿ, ನನ್ನಿಂದ ನಿಮಗೆ ತಡ ಆಗುತ್ತೆ.”

“ಅಪ್ಪ, ಅವರು ನಿಂತಿರ್ತಾರೆ,” ಎಂದಳು ಹೆಂಡತಿ. ಚಿತ್ರ ಮುಗಿದ ಮೇಲೆ ಅವಳಾಡಿದ ಮೊದಲ ಮಾತು. ಅದು ಅವನಿಗಾಗಿ ಬೇಡಿದ್ದೋ, ಅವನಿಗೆ ವಿಧಿಸಿದ್ದೋ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ನಿಂತ.

ಮರುದಿನ ಬೆಳಿಗ್ಗೆ ಅವನು ಒಂದು ನಿರ್ಧಾರ ಮಾಡಿಕೊಂಡು ಎದ್ದ. ಮಾತೇ ಆಡುವುದಿಲ್ಲ. ಎಷ್ಟು ಹೊತ್ತಾದರೂ ಆಗಲಿ, ಅವರ ಪಾಡಿಗೆ ಅವರು ಏಳಲಿ. ಈ ಔದಾರ್ಯಕ್ಕೆ ತನ್ನನ್ನು ತಾನೇ ಸ್ವಲ್ಪ ಮೆಚ್ಚಿಕೊಳ್ಳುತ್ತಲೇ ಅಡುಗೆಮನೆ ದಾಟಿದ. ಅವನ ಹೆಜ್ಜೆ ನೆಲಕ್ಕೆ ಬಿದ್ದಿತ್ತಷ್ಟೇ, ಒಳಗೆ ಮಂಚ ಕಿರ್ ಎಂದಿತು. ಅವಸರವಾಗಿ ಕಾಲು ಇಳಿಸಿದ ಸದ್ದು, ಏನೋ ತಡವರಿಸಿದ ಸದ್ದು. “ಆಯ್ತು, ಎದ್ದೆ, ಎದ್ದೆ,” ಎಂದಿತು ಮಾವನ ದನಿ.

ಅವನಿನ್ನೂ ತುಟಿ ಬಿಚ್ಚಿರಲಿಲ್ಲ.

ಹಿಂದಕ್ಕೆ ಹೋಗಲೆಂದು ಕಾಲೆತ್ತಿದ. ಅದೂ ಸದ್ದಾಗುತ್ತದೆ. ಕಾಲನ್ನು ಕೆಳಗಿಡದೆ, ಗೋಡೆಗೆ ಕೈಯೂರಿ, ಕೊಕ್ಕರೆಯಂತೆ ಹಾಗೇ ನಿಂತ. ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಿದಳು. ಮತ್ತೆ ಒಲೆಯ ಕಡೆ ತಿರುಗಿಕೊಂಡಳು.